ಬಾಸ್ ಎದ್ದು ಹೊರಗೆ ಹೋದಾಗ ಏನಾಗುತ್ತೆ?

ಬಾಸ್ ಜೋರಾಗಿದ್ರೇನೇ ಕೆಲಸ ನಡೆಯೋದು ಅಂತ ನಂಬಿರೋರು ತುಂಬಾ ಜನ ಇದ್ದಾರೆ. 1930ರ ದಶಕದ ಕೊನೇಲಿ ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಅನ್ನೋ ಮನಶ್ಶಾಸ್ತ್ರಜ್ಞರು ಸೇರ್ಕೊಂಡು ಇದನ್ನ ಪರೀಕ್ಷೆ ಮಾಡಿ ನೋಡಿದ್ರು, ಅದೂ ಆಫೀಸಲ್ಲಲ್ಲ, ಹತ್ತು ವರ್ಷದ ಹುಡುಗರ ಕ್ಲಬ್ಬುಗಳಲ್ಲಿ. ಲೆವಿನ್ ಯಹೂದಿ, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಜರ್ಮನಿ ಬಿಟ್ಟು ಬಂದವರು, ಸರ್ವಾಧಿಕಾರ ಅಂದ್ರೇನು ಅಂತ ಅವರಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಹುಡುಗರಿಗೆ ಮುಖವಾಡ ಮಾಡೋದು, ಸೋಪು ಕೆತ್ತೋದು ಇಂಥ ಕೆಲಸ. ಒಬ್ಬ ಲೀಡರ್ ಎಲ್ಲಾ ತಾನೇ ಹೇಳ್ತಾನೆ, ಅದೂ ಒಂದೊಂದೇ ಹೆಜ್ಜೆ, ಈಗ ಇದನ್ನ ಮಾಡು ಅಂತಾನೆ, ಆಮೇಲೇನು ಅನ್ನೋದು ಹುಡುಗರಿಗೆ ಗೊತ್ತೇ ಆಗಲ್ಲ. ಇನ್ನೊಬ್ಬ ಎಲ್ಲರನ್ನೂ ಕೂರಿಸ್ಕೊಂಡು ಪೂರ್ತಿ ಕೆಲಸ ಏನು ಅಂತ ಮೊದಲೇ ಹೇಳಿ, ಎರಡು ಮೂರು ದಾರಿ ತೋರಿಸಿ, ನೀವೇ ಆರಿಸ್ಕೊಳ್ಳಿ ಅಂತಾನೆ. ಮೂರನೆಯವನು ಸಾಮಾನು ಕೊಟ್ಟು ಸುಮ್ನೆ ಕೂತ್ಕೋತಾನೆ, ಕೇಳಿದ್ರೆ ಮಾತ್ರ ಉತ್ತರ.

ನಂಗೆ ತುಂಬಾ ಹಿಡಿಸಿದ್ದು ಲೀಡರ್ ಬೇಕಂತಲೇ ರೂಮಿಂದ ಆಚೆ ಹೋಗೋ ಭಾಗ. ಜೋರು ಲೀಡರ್ ಆಚೆ ಹೋಗಿದ್ದೇ ತಡ ಕೆಲಸ ಕುಸಿದುಬಿಡ್ತಿತ್ತು, ಕೇಳಿ ಮಾಡಿಸೋನು ಹೋದಾಗ ಮಾತ್ರ ಹೆಚ್ಚುಕಮ್ಮಿ ಹಾಗೇ ನಡೀತಿತ್ತು, ಯಾಕಂದ್ರೆ ಆ ಹೊತ್ತಿಗೆ ಅದು ಹುಡುಗರದ್ದೇ ಕೆಲಸ ಆಗಿತ್ತು. ಇವರಿಬ್ಬರಲ್ಲಿ ಯಾರು ಇಷ್ಟ ಅಂತ ಕೇಳಿದ್ರೆ 20 ಹುಡುಗರಲ್ಲಿ 19 ಜನ ಕೇಳಿ ಮಾಡಿಸೋನನ್ನೇ ಆರಿಸಿದ್ರು. ಸುಮ್ನೆ ಕೂತವನ ಗುಂಪಲ್ಲಿ ಕೆಲಸಾನೂ ಕಮ್ಮಿ, ಅದೂ ಚೆನ್ನಾಗಿರ್ತಿರಲಿಲ್ಲ. ಎಷ್ಟೋ ಮ್ಯಾನೇಜರ್‌ಗಳು ಇದನ್ನೇ ಫ್ರೀಡಂ ಕೊಟ್ಟಿದೀವಿ ಅಂತಾರೆ, ಆದ್ರೆ ಕೆಳಗಿರೋರಿಗೆ ಅದು ಕೈಬಿಟ್ಟ ಹಾಗೇ ಅನ್ಸೋದು.

ಹಾಗಂತ ಶಿಸ್ತೇ ತಪ್ಪು ಅನ್ಕೋಬೇಡಿ. 1962ರಲ್ಲಿ ಎಡ್ವಿನ್ ಫ್ಲೈಶ್‌ಮನ್, ಎಡ್ವಿನ್ ಹ್ಯಾರಿಸ್ ಅನ್ನೋ ಸಂಶೋಧಕರು ಟ್ರಕ್ ತಯಾರಿಸೋ ಕಾರ್ಖಾನೆಯೊಂದರ ಸೂಪರ್‌ವೈಸರ್‌ಗಳ ಬಗ್ಗೆ ಅಧ್ಯಯನ ಮಾಡಿದ್ರು, ಯಾರ ಕೈಕೆಳಗೆ ಎಷ್ಟು ದೂರು ಬರುತ್ತೆ, ಎಷ್ಟು ಜನ ಕೆಲಸ ಬಿಟ್ಟು ಹೋಗ್ತಾರೆ ಅಂತ ಲೆಕ್ಕ ಹಾಕಿದ್ರು. ಕೆಲಸಗಾರರ ಮಾತು ಕೇಳಿ ಗೌರವ ಕೊಟ್ಟು ನಡ್ಕೊಳ್ಳೋ ಸೂಪರ್‌ವೈಸರ್ ಎಷ್ಟೇ ಬಿಗಿಯಾಗಿದ್ರೂ ದೂರು ಅಷ್ಟೇನೂ ಏರ್ತಿರಲಿಲ್ಲ. ಆ ಕಾಳಜಿನೇ ಇಲ್ಲದವನು ಎಷ್ಟೇ ಸಡಿಲ ಬಿಟ್ಟಿದ್ರೂ ಅವನ ಕೈಕೆಳಗೆ ದೂರಿನ ರಾಶಿ ಹಾಗೇ ಇರ್ತಿತ್ತು.