ಎಂಜಿನಿಯರಿಂಗ್ ಓದದವರಿಗೆ ಸಾಫ್ಟ್‌ವೇರ್ ಕೆಲಸ ಸಿಗುವುದೇ?

ಪ್ರಶ್ನೆ: ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೇನೆ. ಬೆಂಗಳೂರಿನ ಒಂದು ತರಬೇತಿ ಸಂಸ್ಥೆಯವರು ಟೆಸ್ಟಿಂಗ್ (ಸಾಫ್ಟ್‌ವೇರ್‌ನ ದೋಷ ಹುಡುಕುವ ಕೆಲಸ) ಕೋರ್ಸಿನ ಜೊತೆಗೆ ಎರಡು ವರ್ಷದ ಅನುಭವ ಪತ್ರವನ್ನೂ ಕೊಡಿಸುತ್ತೇವೆ ಎನ್ನುತ್ತಿದ್ದಾರೆ. ಸೇರಲೇ?

ಉತ್ತರ: ಬೇಡ. ಅನುಭವ ಪತ್ರದ ಮಾತು ಬಂದ ಕೂಡಲೇ ಎದ್ದು ಬನ್ನಿ. 2014ರಿಂದ ಭವಿಷ್ಯ ನಿಧಿಯ (ಪಿ.ಎಫ್.) ಪ್ರತಿ ಸದಸ್ಯರಿಗೂ ಯುಎಎನ್ ಎಂಬ ಒಂದೇ ಸಂಖ್ಯೆ ಇದೆ. ಯಾವ ಕಂಪನಿ, ಸೇರಿದ್ದು ಯಾವತ್ತು, ಬಿಟ್ಟಿದ್ದು ಯಾವತ್ತು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಹಿನ್ನೆಲೆ ಪರಿಶೀಲಿಸುವವರು ಅದನ್ನು ಕೇಳುತ್ತಾರೆ. ಎಷ್ಟೋ ಸಲ ಕೆಲಸಕ್ಕೆ ಸೇರಿ ತಿಂಗಳುಗಳಾದ ಮೇಲೆ ಸುಳ್ಳು ಹೊರಬೀಳುತ್ತದೆ. ಕೆಲಸ ಹೋಗುವುದು ನಿಮ್ಮದು. ಪತ್ರ ಮಾರಿದವರು ಅಷ್ಟರಲ್ಲಿ ಬೋರ್ಡು ಬದಲಿಸಿರುತ್ತಾರೆ.

ಪದವಿಯ ಬಗ್ಗೆ ಅಷ್ಟು ಅಳುಕು ಬೇಡ. ವಿಪ್ರೋ ತನ್ನ ಡಬ್ಲ್ಯುಐಎಲ್‌ಪಿ ಯೋಜನೆಯಲ್ಲಿ ಬಿಸಿಎ, ಬಿ.ಎಸ್ಸಿ. ಓದಿದವರನ್ನೇ ತೆಗೆದುಕೊಂಡು, ಕೆಲಸದ ಜೊತೆಗೆ ಎಂ.ಟೆಕ್. ಓದಿಸುತ್ತ ಬಂದಿದೆ. ಅದಕ್ಕೆ ಕೆಲವು ವರ್ಷಗಳ ಒಪ್ಪಂದವಿರುತ್ತದೆ. ಷರತ್ತು ಓದದೆ ಸಹಿ ಹಾಕಬೇಡಿ.

ಟೆಸ್ಟಿಂಗ್ ಎಂದರೆ ಮೂಗು ಮುರಿಯುವವರಿದ್ದಾರೆ. ನನ್ನ ಮಟ್ಟಿಗೆ ಅದು ಮರ್ಯಾದೆಯ ಕೆಲಸ, ಕಣ್ಣು ಚುರುಕಾಗಿದ್ದವರಿಗೆ ಒಳ್ಳೆಯ ಬಾಗಿಲು. ಕಲಿಯಲು ಕೋರ್ಸನ್ನೇ ಕಾಯಬೇಕಿಲ್ಲ. ಬಸ್ ಟಿಕೆಟ್ ಕಾಯ್ದಿರಿಸುವ ಯಾವುದಾದರೂ ತಾಣ ತೆರೆದು, ಕಂಡ ದೋಷಗಳನ್ನು ಬರೆದಿಡಿ. ‘ಪುಟ ಕೆಲಸ ಮಾಡುತ್ತಿಲ್ಲ’ ಎಂದು ಬರೆದರೆ ಅದು ಗೊಣಗಾಟ. ‘ವಾಟ್ಸಾಪ್‌ನಿಂದ ನಕಲಿಸಿ ಅಂಟಿಸಿದ ಮೊಬೈಲ್ ಸಂಖ್ಯೆಯ ಮುಂದೆ ಖಾಲಿ ಜಾಗ ಸೇರಿಕೊಂಡಿದ್ದರೆ, ಹತ್ತು ಅಂಕಿ ಸರಿಯಿದ್ದರೂ ತಪ್ಪು ಸಂಖ್ಯೆ ಎನ್ನುತ್ತದೆ, ಅದನ್ನೇ ಟೈಪ್ ಮಾಡಿದರೆ ಒಪ್ಪುತ್ತದೆ, ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಹೀಗೆಯೇ’ ಎಂದು ಬರೆದರೆ ಅದು ಬಗ್ ವರದಿ, ಅಂದರೆ ದೋಷದ ವರದಿ. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಈ ಮೂರೂ ಅದರಲ್ಲಿ ಸ್ಪಷ್ಟವಾಗಿರಬೇಕು. ಇಂಥ ಹತ್ತು-ಹದಿನೈದು ವರದಿಗಳನ್ನು ಗೂಗಲ್ ಶೀಟ್‌ನಲ್ಲಿಟ್ಟು ರೆಸ್ಯೂಮೆಯಲ್ಲಿ ಅದರ ಕೊಂಡಿ ಕೊಡಿ. ಹೊಸಬರ ರೆಸ್ಯೂಮೆಗಳೆಲ್ಲ ಒಂದನ್ನೊಂದು ನೋಡಿ ಬರೆದಂತಿರುತ್ತವೆ. ಸಂದರ್ಶಕರಿಗೆ ನಿಮ್ಮನ್ನು ಕೇಳಲು ಏನಾದರೂ ಸಿಗಬೇಕಲ್ಲ.

ಇದರ ಜೊತೆಗೆ ಎಸ್‌ಕ್ಯುಎಲ್ (ದತ್ತಾಂಶ ಕೋಶದಿಂದ ಮಾಹಿತಿ ತೆಗೆಯುವ ಭಾಷೆ) ಮತ್ತು ಸ್ವಲ್ಪ ಪೈಥಾನ್ (ಪ್ರೋಗ್ರಾಂ ಬರೆಯುವ ಭಾಷೆ) ಕಲಿಯಿರಿ, ಏಕೆಂದರೆ ಪರೀಕ್ಷಿಸಲು ಪ್ರೋಗ್ರಾಂ ಬರೆಯದೆ ಕೈಯಿಂದಷ್ಟೇ ಪರೀಕ್ಷಿಸುವವರಿಗೆ ಕೆಲಸ ಕಡಿಮೆಯಾಗುತ್ತಿದೆ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ನಲ್ಲಿ ಕನ್ನಡದಲ್ಲೇ ಉಚಿತ ಪಾಠಗಳಿವೆ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠಗಳೂ ಉಚಿತ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಇವನ್ನು ಎರಡು ತಿಂಗಳು ನೋಡಿ, ಆಮೇಲೂ ಎದುರಿಗೆ ಕುಳಿತು ಹೇಳಿಕೊಡುವವರು ಬೇಕೆನಿಸಿದರೆ ಕೋರ್ಸಿಗೆ ಸೇರಿ. ಹಣ ಕಟ್ಟುವ ಮುನ್ನ ಒಂದು ದಿನ ತರಗತಿಯಲ್ಲಿ ಕುಳಿತು ನೋಡಲು ಬಿಡುತ್ತಾರೆಯೇ ಎಂದು ಕೇಳಿ.

ಬೆಂಗಳೂರಿಗೆ ಬರುವುದನ್ನೂ ಸ್ವಲ್ಪ ತಡೆಯಿರಿ. ಕೆಲಸವಿಲ್ಲದೆ ಪಿ.ಜಿ. ಬಾಡಿಗೆ ಕಟ್ಟುತ್ತ ಕುಳಿತರೆ ಓದು ತಲೆಗೆ ಹತ್ತುವುದಿಲ್ಲ. ಮೊದಲ ಸುತ್ತಿನ ಸಂದರ್ಶನ ಎಷ್ಟೋ ಕಡೆ ಆನ್‌ಲೈನ್‌ನಲ್ಲೇ ನಡೆಯುತ್ತದೆ. ಮುಂದಿನ ಸುತ್ತಿಗೆ ಕರೆ ಬಂದಾಗ ರಾತ್ರಿ ಬಸ್ಸು ಹತ್ತಿದರಾಯಿತು.