ಗಂಧಸಾಲೆಗೆ ಪರಿಮಳ ಬರುವುದು ಎಲ್ಲಿಂದ?

ಗಂಧಸಾಲೆಯ ಪರಿಮಳ ಅನ್ನ ಬೆಂದ ಮೇಲೆ ಬರುವಂಥದ್ದಲ್ಲ. ಗದ್ದೆಯಲ್ಲೇ ಇರುತ್ತದೆ. ತೆನೆ ಹೊರಗೆ ಬಂದು ಹಾಲು ತುಂಬುವ ಹೊತ್ತಿಗೆ ಬದುವಿನ ಮೇಲೆ ನಡೆದು ಹೋದರೆ ಸಾಕು, ಘಮ್ ಅನ್ನುತ್ತದೆ. ಎಲೆ, ಕಾಂಡ, ಕಾಳು ಎಲ್ಲದರಲ್ಲೂ ಆ ವಾಸನೆ ಉಂಟು, ಬೇರಿನಲ್ಲಿ ಮಾತ್ರ ಇಲ್ಲ.

ಕೊಡಗು, ಮಲೆನಾಡಿನ ಕಡೆ ಇದು ಹಳೆಯ ಬತ್ತ. ಗಡಿಯಾಚೆ ವಯನಾಡಿನಲ್ಲಿ ಇದನ್ನೇ ಗಂಧಕಶಾಲ ಅನ್ನುತ್ತಾರೆ, ಅಲ್ಲಿನದಕ್ಕೆ 2010ರಲ್ಲಿ ಜಿಐ (ಇದು ಇಂಥ ಊರಿನದೇ ಅನ್ನುವ ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಕಾಳು ಸಣ್ಣದು, ಗಿಡ ಎತ್ತರ. ಸುವಾಸನೆ ಅಕ್ಕಿ ಅಂದ ಕೂಡಲೇ ಬಾಸುಮತಿಯ ಹಾಗೆ ಉದ್ದ ಕಾಳನ್ನು ನೆನೆಯುವವರೇ ಜಾಸ್ತಿ. ಆದರೆ ಕಾಳಿನ ಉದ್ದಕ್ಕೂ ಪರಿಮಳಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಆ ವಾಸನೆ ಏನು? ಅಮೆರಿಕದ ವಿಜ್ಞಾನಿ ರಾನ್ ಬಟರಿ ಮತ್ತು ಅವರ ಜೊತೆಗಾರರು 1980ರ ದಶಕದ ಆರಂಭದಲ್ಲಿ ಇದನ್ನು ಪತ್ತೆ ಮಾಡಿದರು. ಸುವಾಸನೆ ಅಕ್ಕಿಯ ಹಬೆಯಲ್ಲಿ ಹತ್ತಾರು ರಾಸಾಯನಿಕಗಳಿದ್ದರೂ ಮೂಗು ಮುಖ್ಯವಾಗಿ ಗುರುತಿಸುವುದು ಒಂದನ್ನೇ: 2-ಅಸಿಟೈಲ್-1-ಪೈರೋಲೀನ್. ಹೆಸರು ಉದ್ದವಾಯಿತು, 2ಎಪಿ ಅಂದುಕೊಳ್ಳೋಣ. ಅವರು ಅಳೆದ ಸುವಾಸನೆ ಅಕ್ಕಿಗಳಲ್ಲಿ ಇದು ಇದ್ದದ್ದು ಕಿಲೋಗೆ 0.1 ಮಿಲಿಗ್ರಾಂಗಿಂತಲೂ ಕಡಿಮೆ. ಅಷ್ಟರಲ್ಲೇ ಮನೆ ತುಂಬಾ ಘಮಘಮ! ಕಾರಣ ನಮ್ಮ ಮೂಗು. ಒಂದು ಕೋಟಿ ಲೀಟರ್ ನೀರಿಗೆ ಒಂದೇ ಒಂದು ಗ್ರಾಂ 2ಎಪಿ ಬೆರೆಸಿದರೂ ಅದು ಹಿಡಿದುಬಿಡುತ್ತದೆ. ಮಾಮೂಲಿ ಅಕ್ಕಿಯಲ್ಲೂ ಇದು ಇಲ್ಲದೇ ಇಲ್ಲ, ಹತ್ತರಲ್ಲಿ ಒಂದು ಪಾಲಿನಷ್ಟು ಇರುತ್ತದೆ.

ಇದೇ 2ಎಪಿ ಆಗತಾನೇ ಬೆಂದ ಬ್ರೆಡ್ಡಿನ ಹೊರಪದರದಲ್ಲಿದೆ, ಪಾಪ್‌ಕಾರ್ನ್‌ನಲ್ಲಿದೆ, ಅನ್ನಕ್ಕೆ ಹಾಕುವ ಪ್ಯಾಂಡನ್ ಎಲೆಯಲ್ಲಿದೆ (ಇದು ನಮ್ಮ ಕೇದಗೆಯ ಹತ್ತಿರದ ನೆಂಟ). ಹುಲಿ ತನ್ನ ಗಡಿ ಗುರುತಿಸಲು ಮರಗಳಿಗೆ ಚಿಮ್ಮಿಸುವ ದ್ರವದಲ್ಲೂ ಇದೆ, ಅದನ್ನು ತೋರಿಸಿಕೊಟ್ಟವರು ಕೋಲ್ಕತ್ತದ ವಿಜ್ಞಾನಿ ರತನ್ ಲಾಲ್ ಬ್ರಹ್ಮಚಾರಿ. ನಾಗರಹೊಳೆಯ ಕಾಡಿನಲ್ಲೂ ಕಾಡಂಚಿನ ಗದ್ದೆಯಲ್ಲೂ ಒಂದೇ ವಾಸನೆ ಅಂದರೆ ಎಷ್ಟು ಸೋಜಿಗ ಅಲ್ವಾ?

ಇನ್ನು ಬತ್ತದ ಗಿಡ ಇದನ್ನು ಯಾಕೆ ತಯಾರಿಸುತ್ತದೆ? ನನಗೆ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದು. ಪರಿಮಳ ಬರುವುದು ಹೊಸದೇನೋ ಸೇರಿದ್ದರಿಂದಲ್ಲ, ಇದ್ದದ್ದು ಕೆಟ್ಟಿದ್ದರಿಂದ. ಬತ್ತದಲ್ಲಿ ಬಿಎಡಿಎಚ್2 ಅನ್ನುವ ಜೀನ್ ಇದೆ. ಮಾಮೂಲಿ ಬತ್ತದಲ್ಲಿ ಅದು ಮಾಡಿಕೊಡುವ ಕಿಣ್ವ ಒಂದು ಕಚ್ಚಾ ಪದಾರ್ಥವನ್ನು ಬೇರೊಂದಾಗಿ ಬದಲಿಸಿ ಖಾಲಿ ಮಾಡುತ್ತಾ ಹೋಗುತ್ತದೆ. ಈ ಜೀನ್ ಕೆಟ್ಟರೆ ಆ ಕಿಣ್ವ ಇಲ್ಲ, ಕಚ್ಚಾ ಪದಾರ್ಥ ಗಿಡದಲ್ಲೇ ಉಳಿದು ಕೂಡಿಕೊಳ್ಳುತ್ತದೆ, ಆಮೇಲೆ 2ಎಪಿ ಆಗುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 2005ರಲ್ಲಿ ಇದನ್ನು ವಿವರಿಸಿದರು. ಬಾಸುಮತಿ, ಥಾಯ್ಲೆಂಡಿನ ಜಾಸ್ಮಿನ್ ಸೇರಿ ಜಗತ್ತಿನ ಬಹುಪಾಲು ಸುವಾಸನೆ ಬತ್ತಗಳಲ್ಲಿ ಆ ಜೀನಿನ ಒಂದೇ ಜಾಗದಲ್ಲಿ ಡಿಎನ್‌ಎಯ 8 ಅಕ್ಷರಗಳು ಬಿಟ್ಟುಹೋಗಿವೆ. ಕಾಳಿನಿಂದ ಕಾಳಿಗೆ, ಊರಿನಿಂದ ಊರಿಗೆ ಆ ಕೊರತೆಯನ್ನು ಜೋಪಾನ ಮಾಡಿಕೊಂಡು ಬಂದವರು ರೈತರು. ವಾಸನೆ ನೋಡಿ ಬೀಜ ಆರಿಸಿದರು, ಅಷ್ಟೇ.

ಹಾಗೆ ಆರಿಸುವುದು ಸುಲಭವೂ ಅಲ್ಲ. ಬತ್ತದ ಗಿಡಕ್ಕೆ ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಎರಡು ಪ್ರತಿ ಜೀನ್ ಇರುತ್ತದಲ್ಲ, ಅದರಲ್ಲಿ ಒಂದು ಸರಿಯಿದ್ದರೂ ಗಿಡದ ಎಲೆಗೆ ಪರಿಮಳ ಬರುವುದಿಲ್ಲ. ಬತ್ತ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳುಗಟ್ಟುವ ಬೆಳೆ ಆಗಿರುವುದರಿಂದ ಪಕ್ಕದ ಗದ್ದೆಯ ತಳಿ ಬೆರೆಯುವುದು ಅಪರೂಪ. ಆದರೂ ಕಣದಲ್ಲಿ, ಮೂಟೆಯಲ್ಲಿ ಬೇರೆ ಬತ್ತ ಸೇರಿಕೊಳ್ಳುತ್ತದೆ. ಬೆರಕೆ ತೆನೆ ಕಿತ್ತು ಹಾಕದಿದ್ದರೆ ಕೆಲವೇ ವರ್ಷದಲ್ಲಿ ತಳಿ ಕೆಡುತ್ತದೆ.

ಯಾವ ಗಿಡಕ್ಕೆ ಪರಿಮಳ ಇದೆ ಅಂತ ಕೊಯ್ಲಿಗೂ ಮುಂಚೆ ತಿಳಿಯುವ ಸರಳ ಪರೀಕ್ಷೆಯೊಂದನ್ನು ನಮ್ಮ ದೇಶದ ಸೂದ್ ಮತ್ತು ಸಿದ್ದೀಕ್ ಎಂಬ ವಿಜ್ಞಾನಿಗಳು 1978ರಲ್ಲಿ ಕೊಟ್ಟರು. ಸುಮಾರು 2 ಗ್ರಾಂ ಹಸಿ ಎಲೆಯನ್ನು ಸಣ್ಣಗೆ ಕತ್ತರಿಸಿ, ಗಾಜಿನ ತಟ್ಟೆಯಲ್ಲಿ ಹಾಕಿ, ಮೇಲೆ 10 ಮಿಲಿಲೀಟರ್ ತೆಳು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಸುರಿದು ಮುಚ್ಚಿಡಬೇಕು. ಹತ್ತು ನಿಮಿಷ ಬಿಟ್ಟು ಒಂದೊಂದೇ ತಟ್ಟೆಯ ಮುಚ್ಚಳ ತೆಗೆದು ಮೂಸಬೇಕು. ಮುಗೀತು. ಈಗ ಜೀನ್ ಪರೀಕ್ಷೆ ಬಂದಿದ್ದರೂ ಮೂಸಿ ನೋಡುವ ಈ ಪದ್ಧತಿ ಬಿಟ್ಟುಹೋಗಿಲ್ಲ.

ಜೀನ್ ಒಂದೇ ಸಾಕಾ ಅಂದರೆ ಸಾಲದು. ಕಾಳು ತುಂಬುವಾಗ ತಂಪಿರಬೇಕು. ಜಪಾನಿನ ಒಂದು ಪ್ರಯೋಗದಲ್ಲಿ ಒಂದೇ ಸುವಾಸನೆ ತಳಿಯನ್ನು ಎರಡು ಹವೆಯಲ್ಲಿ ಮಾಗಿಸಿದರು. ಹಗಲು 25, ರಾತ್ರಿ 20 ಡಿಗ್ರಿಯಲ್ಲಿ ಮಾಗಿದ ಕಾಳಿನಲ್ಲಿ 2ಎಪಿ ಜಾಸ್ತಿ. ಹಗಲು 35, ರಾತ್ರಿ 30 ಡಿಗ್ರಿಯಲ್ಲಿ ಮಾಗಿದ್ದರಲ್ಲಿ ಕಡಿಮೆ.

ಈಗ ಗಂಧಸಾಲೆಯ ವರ್ಷದ ಲೆಕ್ಕ ನೋಡಿ. ಮಳೆಗಾಲದ ಶುರುವಿಗೆ ಬೀಜ ಹಾಕಿದರೂ ಇದು ಬೇಗ ತೆನೆ ಬಿಡುವುದಿಲ್ಲ. ದಿನ ಚಿಕ್ಕದಾಗುವ ತನಕ ಕಾಯುತ್ತದೆ. ದಸರಾ ಕಳೆದು, ಮಳೆ ಹಿಂದೆ ಸರಿದು, ಬೆಳಗಿನ ಮಂಜು ಶುರುವಾಗುವ ಕಾಲಕ್ಕೆ ಕಾಳು ತುಂಬುತ್ತದೆ, ಕೊಯ್ಲು ಡಿಸೆಂಬರ್, ಜನವರಿಗೆ. ಅಂದರೆ ಮಲೆನಾಡಿನ ರಾತ್ರಿಗಳು ತಣ್ಣಗಿರುವಾಗಲೇ ಪರಿಮಳ ಕೂಡುತ್ತದೆ. ಬೀಜ ಒಯ್ದು ಸೆಕೆಯ ಊರಿನಲ್ಲಿ ಬೆಳೆದರೆ ಬತ್ತ ಬಂದೀತು, ಇಲ್ಲಿನ ಘಮ ಬರುವುದು ಕಷ್ಟ.

ಆದರೆ ಗಂಧಸಾಲೆ ಗದ್ದೆಯಿಂದ ದೂರವಾಗಿದ್ದೂ ಇದೇ ಗುಣಕ್ಕೆ. 1966ರಲ್ಲಿ ಬಂದ ಹೆಚ್ಚು ಇಳುವರಿಯ ಬತ್ತ ಐಆರ್8 ಮತ್ತು ಅದರ ನಂತರ ಬಂದ ತಳಿಗಳು ಗಿಡ್ಡ, ಗೊಬ್ಬರ ಹಾಕಿದರೂ ಮಲಗುವುದಿಲ್ಲ, ದಿನ ಚಿಕ್ಕದಾಗಲಿ ಅಂತ ಕಾಯುವುದೂ ಇಲ್ಲ. ಗಂಧಸಾಲೆಗೆ ಯೂರಿಯಾ ಜಾಸ್ತಿಯಾದರೆ ಇನ್ನಷ್ಟು ಎತ್ತರ ಬೆಳೆದು ಗಾಳಿಗೆ ಮಲಗಿಬಿಡುತ್ತದೆ. ಇಳುವರಿ ಕಡಿಮೆ, ಆರು ತಿಂಗಳ ಹತ್ತಿರ ಗದ್ದೆ ಹಿಡಿದಿಡುತ್ತದೆ. ರೈತ ಬಿಟ್ಟರೆ ತಪ್ಪು ಹೇಳುವ ಹಾಗಿಲ್ಲ. ಆದರೆ ತಡವಾಗಿ ಬರುವುದನ್ನು ಬರೀ ದೋಷ ಅಂತ ಬರೆದಿಡುವುದನ್ನು ನಾನು ಒಪ್ಪುವುದಿಲ್ಲ, ಆ ತಡದಲ್ಲೇ ಪರಿಮಳದ ಅರ್ಧ ಗುಟ್ಟಿದೆ. ಬೇಗ ಬರುವ ಗಂಧಸಾಲೆ ಬೇಕು ಅನ್ನುವವರು ಅದು ಯಾವ ತಿಂಗಳ ಚಳಿಯಲ್ಲಿ ಕಾಳು ತುಂಬುತ್ತದೆ ಅಂತಲೂ ಯೋಚಿಸಬೇಕು. ಮಂಡ್ಯದ ಕಿರುಗಾವಲಿನ ಸೈಯದ್ ಗನಿ ಖಾನ್ ಅವರಂಥವರು ನೂರಾರು ದೇಸಿ ಬತ್ತ ಉಳಿಸಿದ್ದಾರೆ, ಅದು ದೊಡ್ಡ ಕೆಲಸ. ಅದರ ಜೊತೆಗೆ ಆಯಾ ತಳಿ ತನ್ನ ಸೀಮೆಯ ಗದ್ದೆಯಲ್ಲೂ ಉಳಿಯಬೇಕು. ಅದಕ್ಕೆ ರೈತನಿಗೆ ಇಳುವರಿಯ ನಷ್ಟ ತುಂಬುವಷ್ಟು ಬೆಲೆ ಸಿಗಲೇಬೇಕು.

ಕೊಳ್ಳುವವರಿಗೂ ಒಂದೆರಡು ಮಾತು. 2ಎಪಿ ಸುಮ್ನೆ ಇಟ್ಟರೂ ಹಾರಿಹೋಗುತ್ತದೆ. ಹಳೆ ಅಕ್ಕಿಯ ಅನ್ನ ಉದುರುದುರಾಗುತ್ತದೆ ಅನ್ನುವುದು ನಿಜ, ಪರಿಮಳ ಮಾತ್ರ ಇಳಿಯುತ್ತದೆ. ಹಾಗಾಗಿ ಗಂಧಸಾಲೆಯನ್ನು ಈ ವರ್ಷದ್ದೇ ಅಂತ ಕೇಳಿ, ಸ್ವಲ್ಪ ಸ್ವಲ್ಪವೇ ತನ್ನಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಕುಚ್ಚಿದರೆ ಪರಿಮಳದ ಬಹುಪಾಲು ಆವಿಯಲ್ಲೇ ಹೋಗುತ್ತದೆ, ಬೆಳ್ತಿಗೆಯೇ ಸರಿ. ಅರ್ಧ ಗಂಟೆ ನೆನೆಸಿಟ್ಟರೆ ಬೇಗ ಬೇಯುತ್ತದೆ, ಅಷ್ಟು ಕಡಿಮೆ ಪರಿಮಳ ಹೊರಗೆ ಹೋಗುತ್ತದೆ. ಬೆಂದ ನೀರನ್ನು ಬಸಿಯದೆ ಅಳತೆ ನೀರಿಟ್ಟು ಮಾಡಿ. ದುಬಾರಿ ಅನ್ನಿಸಿದರೆ ಮಾಮೂಲಿ ಅಕ್ಕಿಗೆ ಒಂದು ಹಿಡಿ ಬೆರೆಸಿ ನೋಡಿ, ಪಾತ್ರೆಯ ಮುಚ್ಚಳ ತೆಗೆದಾಗ ಅಷ್ಟರದ್ದೇ ಘಮ ಮೂಗಿಗೆ ಸಿಗುತ್ತದೆ.