ಸಿಂಹ ತಿಂದರೆ ಸಾಕ್ಷಿ ಉಳಿಯೋದಿಲ್ಲ ಅಲ್ವಾ ಮೇಡಂ?

ಪ್ರಶ್ನೆ: ನಾನೊಂದು ಥ್ರಿಲ್ಲರ್ ಕಾದಂಬರಿ ಬರೆಯುತ್ತಿದ್ದೇನೆ. ಅಮ್ಮ ತೀರಿಕೊಂಡ ಮೇಲೆ ಮನೆ ಪಾಲಿನ ವಿಚಾರಕ್ಕೆ ಮಾತು ಬಿಟ್ಟ ಅಕ್ಕ-ತಂಗಿ, ಹಳೆಯದನ್ನೆಲ್ಲ ಮರೆಯೋಣ ಎಂದುಕೊಂಡು ಕೀನ್ಯಾದ ಮಸಾಯಿ ಮಾರಾಕ್ಕೆ ಸಫಾರಿ ಹೋಗುತ್ತಾರೆ. ಅಲ್ಲಿ ಅಕ್ಕ ತಂಗಿಯನ್ನು ಕೊಲ್ಲುತ್ತಾಳೆ. ರಾತ್ರೋರಾತ್ರಿ ಸಿಂಹ, ಕತ್ತೆಕಿರುಬಗಳು ಶವವನ್ನು ತಿಂದು ಮುಗಿಸುತ್ತವೆ. ಸಾಕ್ಷಿಯೇ ಇಲ್ಲದೆ ಅಕ್ಕ ಪಾರಾಗುತ್ತಾಳೆ. ಓದುಗರು ನಂಬುತ್ತಾರಾ?

ಉತ್ತರ: ನಂಬುವುದಿಲ್ಲ. ನಂಬಲೂಬಾರದು.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಊರು ಬದಲಿಸಿಕೊಂಡು, ಪ್ರಾಣಿ ಬದಲಿಸಿಕೊಂಡು ಬರುತ್ತಲೇ ಇದೆ. ಗಂಡ-ಹೆಂಡತಿ ಮತ್ತು ಕಬಿನಿಯ ಹುಲಿ, ಬಿಸಿನೆಸ್ ಪಾರ್ಟ್ನರುಗಳು ಮತ್ತು ದಾಂಡೇಲಿಯ ಮೊಸಳೆ, ಈಗ ಅಕ್ಕ-ತಂಗಿ ಮತ್ತು ಮಾರಾದ ಸಿಂಹ. ಎಲ್ಲ ಹಸ್ತಪ್ರತಿಗಳ ಕೊನೆಯಲ್ಲೂ ಹೆಚ್ಚುಕಡಿಮೆ ಒಂದೇ ವಾಕ್ಯ ಇರುತ್ತದೆ: ಬೆಳಗಾಗುವಷ್ಟರಲ್ಲಿ ಕಾಡು ಎಲ್ಲವನ್ನೂ ನುಂಗಿತ್ತು. ಈ ಸಲ ವಿವರವಾಗಿಯೇ ಬರೆದುಬಿಡುತ್ತೇನೆ. ಮುಂದೆ ಕೇಳುವವರಿಗೆ ಇದನ್ನೇ ಕಳಿಸಿದರಾಯಿತು.

ಈ ನಂಬಿಕೆಗೆ ಬುಡವೇ ಇಲ್ಲ ಎನ್ನಲಾರೆ. ಚುಕ್ಕೆ ಕತ್ತೆಕಿರುಬದ ದವಡೆಗೆ ಜಿರಾಫೆಯ ಕಾಲಿನ ಮೂಳೆ ಒಡೆಯುವಷ್ಟು ಬಲವಿದೆ. ಒಡೆದ ಮೂಳೆಯನ್ನು ಅದು ಅರಗಿಸಿಕೊಳ್ಳುತ್ತದೆ ಕೂಡ. ಒಣಗಿದ ಅದರ ಹಿಕ್ಕೆ ಸುಣ್ಣದ ಉಂಡೆಯಂತೆ ಬೆಳ್ಳಗಿರುವುದು ಆ ಮೂಳೆಯ ಕ್ಯಾಲ್ಸಿಯಂನಿಂದಲೇ. ಮಸಾಯಿ ಜನ ಹಿಂದೆ ಸತ್ತವರನ್ನು ಸಾಮಾನ್ಯವಾಗಿ ಹೂಳುತ್ತಿರಲಿಲ್ಲ, ಬಯಲಲ್ಲಿ ಇಟ್ಟು ಬರುತ್ತಿದ್ದರು, ಮಿಕ್ಕ ಕೆಲಸ ಕತ್ತೆಕಿರುಬಗಳದು. ಇದನ್ನೆಲ್ಲ ಎಲ್ಲೋ ಓದಿದವರು ಕೊಲೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂದುಕೊಳ್ಳುತ್ತಾರೆ.

ಮೂಳೆ ಅರಗಿಸಿಕೊಳ್ಳುವ ಅದೇ ಪ್ರಾಣಿಗೆ ಕೂದಲು ಅರಗುವುದಿಲ್ಲ. ಒಂದಷ್ಟನ್ನು ಉಂಡೆಕಟ್ಟಿ ಕಕ್ಕುತ್ತದೆ, ಒಂದಷ್ಟು ಹಿಕ್ಕೆಯಲ್ಲಿ ಹೊರಬರುತ್ತದೆ. ದಕ್ಷಿಣ ಆಫ್ರಿಕದ ಗ್ಲಾಡಿಸ್‌ವೇಲ್ ಗುಹೆಯಲ್ಲಿ ಸಿಕ್ಕ ಕತ್ತೆಕಿರುಬದ ಹಿಕ್ಕೆಯ ಪಳೆಯುಳಿಕೆಯೊಳಗೆ ಮನುಷ್ಯರದ್ದೇ ಇರಬಹುದಾದ ಕೂದಲು ಕಂಡದ್ದು 2009ರಲ್ಲಿ ವರದಿಯಾಯಿತು. ಅದರ ವಯಸ್ಸು ಸುಮಾರು ಎರಡು ಲಕ್ಷ ವರ್ಷ! ನಿಮ್ಮ ತಂಗಿ ಪಾತ್ರ ಕಾಣೆಯಾಗಿ ಇನ್ನೂ ಒಂದು ರಾತ್ರಿ ಕಳೆದಿದೆ ಅಷ್ಟೆ. ಅವಳ ಶೂ, ಬೆಲ್ಟು, ವಾಚು, ಮೊಬೈಲು, ಕೈಬಳೆ ಇವನ್ನೆಲ್ಲ ಯಾವ ಸಿಂಹವೂ ಕುಳಿತು ಮುಗಿಸುವುದಿಲ್ಲ.

ಇನ್ನು ಬಿದ್ದ ಜಾಗ ಗುಟ್ಟಾಗಿ ಉಳಿಯುತ್ತದೆ ಎಂಬುದು. ಬಯಲು ಸೀಮೆಯಲ್ಲಿ ಏನು ಸತ್ತರೂ ಮೊದಲು ನೋಡುವುದು ರಣಹದ್ದು. ಒಂದು ಇಳಿದರೆ ಅದನ್ನು ಕಂಡು ಇನ್ನೊಂದು, ಅದನ್ನು ಕಂಡು ಮತ್ತೊಂದು. ಆಕಾಶದಲ್ಲಿ ಹದ್ದು ಸುತ್ತಿದ ಕಡೆಗೆ ಅರಣ್ಯ ರಕ್ಷಕರ ಗಾಡಿ ಹೊರಡುತ್ತದೆ. ಆನೆ ಬೇಟೆಯ ಕಳ್ಳರಿಗೆ ಇದು ಎಷ್ಟು ಚೆನ್ನಾಗಿ ಗೊತ್ತೆಂದರೆ, ಹದ್ದುಗಳನ್ನೇ ಮುಗಿಸಲು ಆನೆಯ ಹೆಣಕ್ಕೆ ವಿಷ ಹಾಕುತ್ತಾರೆ. 2019ರಲ್ಲಿ ಬೋಟ್ಸ್ವಾನಾದಲ್ಲಿ ಹೀಗೆ ವಿಷವಿಟ್ಟ ಆನೆಗಳ ಸುತ್ತ 500ಕ್ಕೂ ಹೆಚ್ಚು ರಣಹದ್ದು ಸತ್ತು ಬಿದ್ದಿದ್ದವು. ವೃತ್ತಿಪರ ಕಳ್ಳರಿಗೇ ಮೇಲಿನ ಕಣ್ಣಿನ ಹೆದರಿಕೆ. ಜೀವಮಾನದಲ್ಲಿ ಮೊದಲ ಸಲ ಆಫ್ರಿಕ ನೋಡಿದ ನಿಮ್ಮ ಅಕ್ಕನಿಗೆ ಇಲ್ಲವೇ?

ಮೂಳೆಯ ವಿಚಾರ ಇನ್ನೂ ಇದೆ. ಕೋರೆಹಲ್ಲು ಮೂಳೆಯ ಮೇಲೆ ಗುಳಿ ಮಾಡುತ್ತದೆ, ತೂತು ಹಾಕುತ್ತದೆ, ಅಗಲವಾಗಿ ಗೀರುತ್ತದೆ. ಉದ್ದ ಮೂಳೆಯ ತುದಿಗಳನ್ನು ಮೊದಲು ಕಡಿಯುವುದು ರೂಢಿ. ಕತ್ತಿ, ಮಚ್ಚಿನ ಗುರುತು ಬೇರೆ: ನೇರ, ಕಿರಿದು, ಆಳದಲ್ಲಿ ಚೂಪು. ಎರಡನ್ನೂ ಬೇರ್ಪಡಿಸುವುದು ವಿಧಿವಿಜ್ಞಾನದವರಿಗೆ ದಿನನಿತ್ಯದ ಕೆಲಸ.

ನೀವು ಆರಿಸಿಕೊಂಡ ಮಾರಾದಲ್ಲೇ ಇದು ನಡೆದಿದೆ. 1988ರ ಸೆಪ್ಟೆಂಬರಿನಲ್ಲಿ ಜೂಲಿ ವಾರ್ಡ್ ಎಂಬ 28ರ ಹರೆಯದ ಬ್ರಿಟಿಷ್ ಯುವತಿ ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ವಲಸೆಯ ಫೋಟೊ ತೆಗೆಯಲು ಅಲ್ಲಿಗೆ ಹೋಗಿ ಕಾಣೆಯಾದಳು. ಅವಳ ಸುಜುಕಿ ಜೀಪು ಹಳ್ಳವೊಂದರಲ್ಲಿ ಸಿಕ್ಕಿಕೊಂಡು ನಿಂತಿತ್ತು. ಮೇಲ್ಛಾವಣಿಯ ಮೇಲೆ ಕೆಸರಿನಿಂದ ಎಸ್‌ಒಎಸ್ ಎಂದು ಬರೆದಿತ್ತು. ಮಗಳನ್ನು ಹುಡುಕಲು ಇಂಗ್ಲೆಂಡಿನಿಂದ ಬಂದ ತಂದೆ ಜಾನ್ ವಾರ್ಡ್‌ಗೆ ಕೊನೆಗೆ ಸಿಕ್ಕಿದ್ದು ಬೂದಿಯ ಹತ್ತಿರ ಬಿದ್ದಿದ್ದ ದವಡೆಯ ಮೂಳೆ ಮತ್ತು ಕಾಲಿನ ಒಂದು ಭಾಗ. ಅಧಿಕಾರಿಗಳು ಹೇಳಿದ್ದು ಥೇಟ್ ನಿಮ್ಮ ಕ್ಲೈಮ್ಯಾಕ್ಸ್: ಕಾಡುಪ್ರಾಣಿಗಳು ತಿಂದಿವೆ. ಆದರೆ ಉಳಿದ ಆ ಎರಡು ತುಂಡುಗಳೇ ಸಾಕಾದವು. ಹರಿತವಾದ ಆಯುಧದಿಂದ ಕಡಿದದ್ದು ಎಂದು ಶವಪರೀಕ್ಷೆ ಮಾಡಿದ ವೈದ್ಯರು ಬರೆದರು, ಬ್ರಿಟನ್ನಿನ ತಜ್ಞರೂ ಅದನ್ನೇ ಹೇಳಿದರು. 1989ರಲ್ಲಿ ಕೀನ್ಯಾದ ನ್ಯಾಯಾಲಯದ ವಿಚಾರಣೆ ಇದು ಕೊಲೆ ಎಂದೇ ತೀರ್ಮಾನಿಸಿತು.

"ಆದರೂ ಕೊಲೆಗಾರ ಸಿಗಲಿಲ್ಲವಲ್ಲ" ಎಂದು ನೀವು ಕೇಳಬಹುದು. ಸರಿಯಾದ ಆಕ್ಷೇಪಣೆ. 1992ರಲ್ಲಿ ಇಬ್ಬರು ಅರಣ್ಯ ರಕ್ಷಕರು, 1999ರಲ್ಲಿ ಮುಖ್ಯ ವಾರ್ಡನ್ ಆಗಿದ್ದವರು, ಮೂವರೂ ಖುಲಾಸೆಯಾದರು. ಇಂದಿಗೂ ಯಾರಿಗೂ ಶಿಕ್ಷೆಯಾಗಿಲ್ಲ. ಜಾನ್ ವಾರ್ಡ್ ಮೂರು ದಶಕಕ್ಕೂ ಹೆಚ್ಚು ಕಾಲ ಬೆನ್ನು ಹತ್ತಿ 2023ರಲ್ಲಿ ತೀರಿಕೊಂಡರು. ಆದರೆ ಕತ್ತೆಕಿರುಬಕ್ಕೆ ಇದರಲ್ಲಿ ಪಾಲಿಲ್ಲ. ಆ ಶವಪರೀಕ್ಷೆಯ ವರದಿಯನ್ನು ಮೇಲಿನ ಅಧಿಕಾರಿಯೊಬ್ಬರು ತಿದ್ದಿ, ಕಡಿದ ಗಾಯವನ್ನು ಮುರಿದ ಗಾಯ ಮಾಡಿದ್ದರು. ನಿಮ್ಮ ಅಕ್ಕ ಪಾರಾಗಲೇಬೇಕಿದ್ದರೆ ಅವಳಿಗೆ ಸಿಂಹದ ಸ್ನೇಹಕ್ಕಿಂತ ಇಂಥ ಒಂದು ಪೆನ್ನಿನ ಸ್ನೇಹ ಬೇಕು. ಆ ಅಧ್ಯಾಯ ಬರೆಯುವುದು ಕಷ್ಟ, ಗೊತ್ತು. ಸಿಂಹದ ಅಧ್ಯಾಯ ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಬರೆಯುತ್ತಾರೆ.

ನನ್ನನ್ನು ಕೇಳಿದರೆ ಕಥೆಯನ್ನೇ ತಿರುಗಿಸಿ. ತಂಗಿಯನ್ನು ನಿಜಕ್ಕೂ ಪ್ರಾಣಿಯೇ ಎಳೆದುಕೊಂಡು ಹೋಗಲಿ. ಅಕ್ಕ ಕಣ್ಣಾರೆ ನೋಡಲಿ. ಆಮೇಲೆ ಆಸ್ತಿ ಜಗಳ, ವಾಟ್ಸಾಪಿನಲ್ಲಿ ಬೈದ ಮೆಸೇಜು, ಟಿಕೆಟ್ ದುಡ್ಡು ಕೊಟ್ಟಿದ್ದು ಅಕ್ಕನೇ ಎಂಬುದು ಒಂದೊಂದಾಗಿ ಹೊರಬರಲಿ. ಅವಳ ಮಾತನ್ನು ಯಾರು ನಂಬುತ್ತಾರೆ?

ಇದಕ್ಕೂ ನಿಜಜೀವನದ ಉದಾಹರಣೆ ಇದೆ. 1980ರ ಆಗಸ್ಟ್ 17ರಂದು ಆಸ್ಟ್ರೇಲಿಯಾದ ಉಲುರು ಬಂಡೆಯ ಬಳಿ ಬಿಡಾರ ಹೂಡಿದ್ದ ಕುಟುಂಬದ ಒಂಬತ್ತು ವಾರದ ಹಸುಗೂಸು ಅಜಾರಿಯಾ ಡೇರೆಯಿಂದ ಕಾಣೆಯಾಯಿತು. ಡಿಂಗೊ ಎಂಬ ಕಾಡುನಾಯಿ ಒಯ್ದಿತು ಎಂದು ತಾಯಿ ಲಿಂಡಿ ಚೇಂಬರ್ಲಿನ್ ಕೂಗಿದರು. ದೇಶ ನಂಬಲಿಲ್ಲ. ಸಾಕಷ್ಟು ಅಳಲಿಲ್ಲ ಎಂಬುದೂ ಅವರ ಮೇಲಿನ ದೂರು! ಕಾರಿನೊಳಗೆ ಚಿಮ್ಮಿದ ರಕ್ತ ಎಂದು ಪ್ರಯೋಗಾಲಯ ಹೇಳಿದ್ದು ಕಾರು ತಯಾರಿಸುವಾಗ ಸದ್ದು ತಗ್ಗಿಸಲು ಬಳಿದಿದ್ದ ವಸ್ತು ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ, 1982ರಲ್ಲಿ, ಅವರಿಗೆ ಜೀವಾವಧಿ ಶಿಕ್ಷೆಯಾಗಿತ್ತು. 1986ರಲ್ಲಿ ಡಿಂಗೊಗಳು ವಾಸಿಸುವ ಕಡೆ ಮಗುವಿನ ಪುಟ್ಟ ಜಾಕೆಟ್ ಸಿಕ್ಕಿತು, ಬಿಡುಗಡೆಯಾದರು. 1988ರಲ್ಲಿ ಶಿಕ್ಷೆ ರದ್ದಾಯಿತು. ಡಿಂಗೊವೇ ಕಾರಣ ಎಂದು ಸರ್ಕಾರಿ ದಾಖಲೆಯಲ್ಲಿ ಬರೆಯಲು 2012 ಬರಬೇಕಾಯಿತು. ಬಯಲು ಆ ಜಾಕೆಟನ್ನು ಐದೂವರೆ ವರ್ಷ ಇಟ್ಟುಕೊಂಡು ವಾಪಸು ಕೊಟ್ಟಿದೆ, ಗಮನಿಸಿ.

ಪ್ರಾಣಿಯ ನೆರವೇ ಬೇಡ, ದೂರದ ಕಾಡಾದರೆ ಸಾಕು ಎನ್ನುವವರಿಗೆ ಒಂದು ಮಾತು. 2016ರಲ್ಲಿ ಜಾಂಬಿಯಾದ ಕಫುಯೆ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆ ಸಫಾರಿಗೆ ಹೋಗಿದ್ದ ಅಮೆರಿಕದ ದಂತವೈದ್ಯ ಲಾರೆನ್ಸ್ ರುಡಾಲ್ಫ್ ತನ್ನ ಹೆಂಡತಿ ಬಂದೂಕು ಕಟ್ಟಿಡುವಾಗ ಆಕಸ್ಮಿಕವಾಗಿ ಗುಂಡು ಹಾರಿಸಿಕೊಂಡಳು ಎಂದ. ಅಲ್ಲಿನ ಪೊಲೀಸರು ಒಪ್ಪಿದರು, ಶವ ಬೇಗನೆ ಸುಟ್ಟದ್ದೂ ಆಯಿತು. ಆ ಅವಸರವೇ ರಾಯಭಾರ ಕಚೇರಿಯವರಿಗೆ ಅನುಮಾನ ತಂದಿತು. ಸುಡುವ ಮೊದಲು ತೆಗೆದಿಟ್ಟ ಗಾಯದ ಫೋಟೊಗಳು, 40 ಲಕ್ಷ ಡಾಲರಿಗೂ ಮೀರಿದ ವಿಮೆ ಹಣ, ಎಲ್ಲ ಸೇರಿ 2022ರಲ್ಲಿ ಡೆನ್ವರ್‌ನಲ್ಲಿ ಅಪರಾಧ ಸಾಬೀತಾಯಿತು.

ಜಾಗದ ಬಗ್ಗೆ ಚುಟುಕಾಗಿ: ಮಾರಾ ಮೀಸಲು ಪ್ರದೇಶದೊಳಗೆ ರಾತ್ರಿ ಸಫಾರಿ ಇಲ್ಲ, ಕಂಡಕಂಡಲ್ಲಿ ಗಾಡಿ ಇಳಿಯುವಂತಿಲ್ಲ. ನಮ್ಮ ಬಂಡೀಪುರದಂತೆಯೇ. ಅಕ್ಕಪಕ್ಕದ ಖಾಸಗಿ ಸಂರಕ್ಷಿತ ಪ್ರದೇಶಗಳಲ್ಲಿ (ಕನ್ಸರ್ವೆನ್ಸಿ) ಎರಡಕ್ಕೂ ಅವಕಾಶವಿದೆ. ಕಾಲ್ನಡಿಗೆಯೇ ಬೇಕೆಂದರೆ ಜಾಂಬಿಯಾದ ದಕ್ಷಿಣ ಲುವಾಂಗ್ವಾಕ್ಕೆ ಕಳಿಸಿ. ಅಲ್ಲಿ ಬಂದೂಕು ಹಿಡಿದ ಕಾವಲುಗಾರ ಮುಂದೆ, ಗೈಡ್ ಜೊತೆಗೆ, ಮಿಕ್ಕವರು ಸಾಲಾಗಿ ಹಿಂದೆ. ಸಾಲಿನಲ್ಲಿ ಕೊನೆಯವರು ಯಾರು ಎಂಬುದನ್ನು ನೀವು ಯೋಚಿಸಿಕೊಳ್ಳಿ.

ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಅಕ್ಕ-ತಂಗಿಯ ಕಥೆಗೆ ಸಿಂಹ ಯಾಕೆ? ಹೆಣ್ಣು ಸಿಂಹಗಳ ಗುಂಪೆಂದರೆ ಅಕ್ಕ-ತಂಗಿ, ಚಿಕ್ಕಮ್ಮ-ಮಗಳು ಇಂಥವರದೇ ಕೂಡು ಕುಟುಂಬ. ಒಬ್ಬಳ ಮರಿಗೆ ಇನ್ನೊಬ್ಬಳು ಹಾಲು ಕೊಡುವಷ್ಟು ಹೊಂದಾಣಿಕೆ. ಹಗೆ ಬೇಕಿದ್ದರೆ ಚುಕ್ಕೆ ಕತ್ತೆಕಿರುಬದ ಗೂಡಿಗೆ ಬನ್ನಿ. ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದಿರುತ್ತವೆ, ಹಲ್ಲು ಮೂಡಿರುತ್ತದೆ. ಯಾರು ಮೇಲು ಎಂಬ ಕಚ್ಚಾಟ ಅಂದೇ ಶುರು. ಆಹಾರದ ಬರ ಇದ್ದಾಗ ಬಲವಾದ ಮರಿ ಜೊತೆಗೆ ಹುಟ್ಟಿದ್ದನ್ನು ಹಾಲಿಗೆ ಬಿಡದೆ ಸಾಯಿಸುವುದೂ ಉಂಟು. ಬದುಕಿ ಉಳಿದವರ ನಡುವಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಗುಂಪಿನಲ್ಲಿ ಹೆಣ್ಣಿನದೇ ಯಜಮಾನಿಕೆ, ತಾಯಿಯ ಅಂತಸ್ತು ಹೆಣ್ಣುಮಕ್ಕಳಿಗೆ ಬರುತ್ತದೆ, ಅದರಲ್ಲೂ ಸಾಮಾನ್ಯವಾಗಿ ತಂಗಿಯ ಸ್ಥಾನ ಅಕ್ಕನಿಗಿಂತ ಮೇಲೆ. ಜಗಳವಾದಾಗ ತಾಯಿ ಚಿಕ್ಕವಳ ಪರ ನಿಲ್ಲುವುದು ಇದಕ್ಕೊಂದು ಮುಖ್ಯ ಕಾರಣ.

ಅಂದಹಾಗೆ, ನಿಮ್ಮ ಕಥೆಯ ಅಮ್ಮ ವಿಲ್ ಬರೆದಿದ್ದಳೋ ಇಲ್ಲವೋ ಹೇಳಲೇ ಇಲ್ಲ. ಬರೆದಿದ್ದರೆ, ಮನೆ ಯಾರ ಹೆಸರಿಗೆ ಎಂಬುದು ಇಬ್ಬರೂ ವಿಮಾನ ಹತ್ತುವ ಮೊದಲೇ ಓದುಗರಿಗೆ ಗೊತ್ತಾಗಲಿ. ಅಕ್ಕನಿಗೆ ಮಾತ್ರ ಗೊತ್ತಾಗುವುದು ಬೇಡ.